ಪುಟ್ಟ ಎಂಜಿನ್ ಬಿಸಿಯಾದಾಗ

ಗಲ್ಫ್‌ನಿಂದ ರಜೆಯಲ್ಲಿ ಊರಿಗೆ ಬರುವ ಮಾಮನ ಪೆಟ್ಟಿಗೆಯಿಂದ ಹೊರಬರುವುದು ಚಾಕಲೇಟು, ಅತ್ತರು ಮಾತ್ರವಲ್ಲ. ಕೆಲವು ಮನೆಗಳಿಗೆ ರಿಮೋಟ್ ಕಾರೂ ಬಂದಿದೆ. ಸೆಲ್ ಹಾಕಿ ಓಡಿಸುವ ಕಾರಿನ ಬಗ್ಗೆ ನಾನು ಹೇಳುತ್ತಿಲ್ಲ. ನಿಜವಾದ ಎಂಜಿನ್, ನಿಜವಾದ ಇಂಧನ, ಹಿಂದಿನಿಂದ ನೀಲಿ ಹೊಗೆ. ಇದಕ್ಕೆ ನೈಟ್ರೋ ಕಾರು ಎನ್ನುತ್ತಾರೆ. ಈಗ ಹವ್ಯಾಸಿಗಳಲ್ಲಿ ಹೆಚ್ಚಿನವರು ಬ್ಯಾಟರಿ ಕಾರಿನ ಕಡೆಗೆ ಹೋಗಿದ್ದಾರೆ. ಆದರೂ ಆ ಸದ್ದು ಕೇಳಿದ ಹುಡುಗರಿಗೆ ಬೇರೆಯದು ಹಿಡಿಸುವುದಿಲ್ಲ.

ಅಂಗಳದಲ್ಲಿ ಹತ್ತು ನಿಮಿಷ ಓಡಿದ ಮೇಲೆ ಕಾರು ಕೆಮ್ಮಿ ನಿಲ್ಲುತ್ತದೆ. "ಉಪ್ಪಾ, ಎಂಜಿನ್ ಹತ್ತಿರ ಕೈ ಇಡಲಿಕ್ಕೆ ಆಗುವುದಿಲ್ಲ, ಅಷ್ಟು ಬಿಸಿ" ಎಂದು ಮಗ ಓಡಿ ಬರುತ್ತಾನೆ. "ಮೇಲಿನ ಬಾಡಿಗೆ ನಾಲ್ಕು ತೂತು ಕೊರೆ ಮೋನೇ, ಗಾಳಿ ಹೋಗಲಿ" ಎಂದು ನೀವು ಹೇಳುತ್ತೀರಿ. ತಪ್ಪಲ್ಲ. ಆದರೆ ತೂತು ಕೊರೆಯುವುದು ಮೊದಲ ಕೆಲಸವಲ್ಲ.

ಈ ಎಂಜಿನ್ ಎಷ್ಟು ಚಿಕ್ಕದೆಂದು ನೋಡಿ. ದೊಡ್ಡ ಮಾದರಿಯಲ್ಲಿ ಸುಮಾರು 3.5 ಸಿಸಿ, ಸಣ್ಣದರಲ್ಲಿ 2ರಿಂದ 2.5 ಸಿಸಿ. ನಮ್ಮ ಬೈಕಿನ 100 ಸಿಸಿಯ ಮುಂದೆ ಅದೊಂದು ಬೆರಳ ತುದಿ. ಆದರೆ ನಿಮಿಷಕ್ಕೆ 30,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಇದಕ್ಕೆ ರೇಡಿಯೇಟರ್ ಇಲ್ಲ, ನೀರಿಲ್ಲ. ತಲೆಯ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳಿವೆ, ಬೈಕಿನ ಎಂಜಿನ್‌ನಲ್ಲಿ ನೀವು ದಿನವೂ ನೋಡುವಂಥವು. ಅವು ಗಾಳಿಗೆ ಶಾಖ ಕೊಡುತ್ತವೆ. ಇನ್ನರ್ಧ ಕೆಲಸ ಮಾಡುವುದು ಇಂಧನವೇ. ಅದರಲ್ಲಿ ಮಿಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ ಇರುತ್ತವೆ. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಸವರಿದಾಗ ತಣ್ಣಗಾಗುತ್ತದಲ್ಲವೇ? ಮಿಥನಾಲ್ ಆವಿಯಾಗುವಾಗ ಎಂಜಿನ್‌ನ ಒಳಗೂ ಅದೇ ನಡೆಯುತ್ತದೆ. ಎಣ್ಣೆಯೂ ಒಂದಷ್ಟು ಶಾಖವನ್ನು ಹೊಗೆಯೊಂದಿಗೆ ಹೊರಗೆ ಒಯ್ಯುತ್ತದೆ.

ಆದ್ದರಿಂದ ಮೊದಲು ನೋಡಬೇಕಾದದ್ದು ಕಾರ್ಬ್ಯುರೇಟರ್‌ನ ಸೂಜಿ. ಅದನ್ನು ಬಲಕ್ಕೆ ತಿರುಗಿಸಿದರೆ ಇಂಧನ ಕಡಿಮೆಯಾಗುತ್ತದೆ, ಕಾರು ಒಮ್ಮೆಗೆ ಚುರುಕಾಗುತ್ತದೆ. ಹುಡುಗರು ಮರುಳಾಗುವುದು ಇಲ್ಲಿಯೇ. ಇಂಧನ ಕಡಿಮೆಯಾದಾಗ ತಂಪೂ ಕಡಿಮೆ, ಎಣ್ಣೆಯೂ ಕಡಿಮೆ. ಕೆಲವೇ ಟ್ಯಾಂಕಿನಲ್ಲಿ ಪಿಸ್ಟನ್ ಸವೆದು ಎಂಜಿನ್ ಮುಗಿಯಬಹುದು. ವೇಗದಲ್ಲಿ ಹೋಗುವಾಗ ಹಿಂದೆ ತೆಳುವಾದ ನೀಲಿ ಹೊಗೆ ಕಾಣದಿದ್ದರೆ ಸೂಜಿಯನ್ನು ಎಡಕ್ಕೆ ತಿರುಗಿಸಿ. ಗಡಿಯಾರದ ಮುಖದಲ್ಲಿ ಒಂದು ಗಂಟೆಯ ಅಂತರದಷ್ಟು ಸಾಕು. ಒಂದು ಸುತ್ತು ಓಡಿಸಿ, ಮತ್ತೆ ನೋಡಿ. ಸೂಜಿ ತಪ್ಪಾಗಿರುವ ಎಂಜಿನ್‌ಗೆ ಎಷ್ಟು ತೂತು ಕೊರೆದರೂ ರೋಗ ವಾಸಿಯಾಗುವುದಿಲ್ಲ, ಜ್ವರ ಮಾತ್ರ ಸ್ವಲ್ಪ ಇಳಿಯುತ್ತದೆ.

ಊರು ಬದಲಾದರೂ ಸೂಜಿಯನ್ನು ನೋಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು. ಅಲ್ಲಿ ಸರಿಮಾಡಿದ ಕಾರನ್ನು ರಜೆಗೆಂದು ಮಂಗಳೂರಿಗೆ ತಂದರೆ ಗಾಳಿ ಹೆಚ್ಚು ಸೇರಿ ಅದೇ ಇಂಧನ ಸಾಲದಾಗುತ್ತದೆ, ಎಂಜಿನ್ ಕಾಯುತ್ತದೆ. ಸುಡುವ ಮಧ್ಯಾಹ್ನ ಹೊಂದಿಸಿದ್ದನ್ನು ಮರುದಿನ ತಣ್ಣನೆಯ ಬೆಳಿಗ್ಗೆ ಓಡಿಸಿದರೂ ಹೀಗೆಯೇ.

ಇನ್ನು ಗಾಳಿಯ ದಾರಿ. ಹಳೆಯ ಬಜಾಜ್ ಚೇತಕ್ ಸ್ಕೂಟರ್ ನೆನಪಿರಬೇಕು. ಅದರ ಎಂಜಿನ್ ಬಾಡಿಯೊಳಗೆ ಅಡಗಿತ್ತು. ಫ್ಲೈವೀಲ್‌ನ ಫ್ಯಾನ್ ಬೀಸಿದ ಗಾಳಿಯನ್ನು ಒಂದು ತಗಡಿನ ಕವಚ ಸಿಲಿಂಡರ್‌ನ ಸುತ್ತ ಹಾಯಿಸುತ್ತಿತ್ತು. ಆ ಕವಚ ತೆಗೆದಿಟ್ಟರೆ ಎಂಜಿನ್ ತಂಪಾಗುತ್ತದೆ ಎಂದು ಯಾರಾದರೂ ಭಾವಿಸಿದರೆ ಆಗುವುದು ತದ್ವಿರುದ್ಧ. ಗಾಳಿ ಎಲ್ಲೆಲ್ಲೋ ಚದರಿ ಹೋಗಿ ಸಿಲಿಂಡರ್ ಕಾಯುತ್ತದೆ. ಪುಟ್ಟ ಕಾರಿನ ಪಾಲಿಕಾರ್ಬೊನೇಟ್ ಬಾಡಿಯೂ ಇಂಥ ಕವಚವಾಗಬಲ್ಲದು. ಅದಕ್ಕೆ ಬಾಗಿಲು ಸರಿಯಾದ ಕಡೆಯಿರಬೇಕು, ಅಷ್ಟೇ.

ಕಾರು ಓಡುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒತ್ತಿ ನಿಲ್ಲುತ್ತದೆ. ದೊಡ್ಡ ಕಾರುಗಳಲ್ಲಿ ಒಳಗಿನ ಎಸಿಗೆ ಹೊರಗಿನ ಗಾಳಿ ಸೇರುವ ಜಾಲರಿ ಅಲ್ಲಿರುವುದು ಇದಕ್ಕಾಗಿಯೇ. ಆದ್ದರಿಂದ ಮೊದಲ ತೂತು ಮುಂದಿನ ಗಾಜಿನಲ್ಲಿ, ಎಂಜಿನ್ ತಲೆಯ ನೇರಕ್ಕೆ ಇರಲಿ. ಎರಡನೆಯದು, ಹಲವರು ಮರೆಯುವುದು, ಹಿಂದಿನ ಗಾಜಿನಲ್ಲಿ. ಓಡುವ ಕಾರಿನ ಹಿಂಬದಿಯಲ್ಲಿ ಒತ್ತಡ ಕಡಿಮೆಯಿರುವುದರಿಂದ ಬಿಸಿಗಾಳಿ ತಾನಾಗಿ ಎಳೆದುಕೊಂಡು ಹೋಗುತ್ತದೆ. ಒಂದೇ ಕಡೆ ಕಿಟಕಿಯಿರುವ ಕೋಣೆಯಲ್ಲಿ ಬೇಸಿಗೆಯ ಮಧ್ಯಾಹ್ನ ಮಲಗಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಹೋಗುವ ದಾರಿ ಬರುವ ದಾರಿಗಿಂತ ದೊಡ್ಡದಿರಲಿ. ಪಕ್ಕದ ಗಾಜುಗಳನ್ನೂ ಕತ್ತರಿಸಿ ಬಾಡಿಯನ್ನು ಬಲೆ ಮಾಡಿಬಿಡುವವರಿದ್ದಾರೆ. ಹಾಗೆ ಮಾಡಿದರೆ ಒಳಬಂದ ಗಾಳಿ ಎಂಜಿನ್ ಮುಟ್ಟುವ ಮೊದಲೇ ಪಕ್ಕಕ್ಕೆ ಸೋರಬಹುದು, ಒಂದು ಪಲ್ಟಿಗೆ ಬಾಡಿಯೂ ಬಿರಿಯುತ್ತದೆ. ಕತ್ತರಿಸುವ ಮೊದಲು ಮೂಲೆಗಳಲ್ಲಿ ದುಂಡನೆಯ ತೂತು ಮಾಡಿಕೊಳ್ಳಿ. ಚೂಪಾದ ಮೂಲೆಯಿಂದ ಬಿರುಕು ಶುರುವಾಗುತ್ತದೆ. ಎಂಜಿನ್ ತಲೆ ಬಾಡಿಗೆ ತಾಗದಂತೆಯೂ ಜಾಗ ಬಿಡಿ, ತಾಗಿದರೆ ಕರಗುತ್ತದೆ.

ರೆಕ್ಕೆಗಳ ಸಂದಿಯನ್ನು ಒಮ್ಮೆ ಇಣುಕಿ ನೋಡಿ. ಅಂಗಳದ ಮಣ್ಣು, ಹೊಗೆಯ ಎಣ್ಣೆ ಸೇರಿ ಕಂಬಳಿ ಹೊದಿಸಿದಂತೆ ಕೂತಿರುತ್ತದೆ. ತಣ್ಣಗಾದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ದುಡ್ಡು ಕೊಟ್ಟು ಬಣ್ಣದ ದೊಡ್ಡ ಹೆಡ್ ಹಾಕಿಸುವ ಮೊದಲು ಇದನ್ನು ಮಾಡಿ ನೋಡಬಾರದೇ?

ಹೊರಗಿನ ಸೆಕೆಯ ಲೆಕ್ಕವನ್ನೂ ಇಟ್ಟುಕೊಳ್ಳಿ. ಎಂಜಿನ್ ತಲೆ 120 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ಅಂತರ 95. ಗಲ್ಫ್‌ನ ಬೇಸಿಗೆಯ 45 ಡಿಗ್ರಿಯಲ್ಲಿ ಅಂತರ ಬರೀ 75. ರೆಕ್ಕೆಗಳು ಬಿಟ್ಟುಕೊಡುವ ಶಾಖ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಯಿತು. ಅಲ್ಲಿರುವ ನಮ್ಮ ಹುಡುಗರು ಸಂಜೆಯಾದ ಮೇಲೆ ಓಡಿಸುವುದೇ ಲೇಸು.

ಬಿಸಿ ಎಷ್ಟೆಂದು ತಿಳಿಯಲು ದೂರದಿಂದಲೇ ತಾಪ ಓದುವ ಗನ್ ಇದೆ. ಅದನ್ನು ಮೇಲಿನಿಂದ ಗ್ಲೋ ಪ್ಲಗ್‌ನ ಕಡೆಗೇ ಹಿಡಿಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಸಾಮಾನ್ಯವಾಗಿ 100ರಿಂದ 120 ಡಿಗ್ರಿ ಸೆಲ್ಸಿಯಸ್‌ ಒಳ್ಳೆಯದು. ಗನ್ ಇಲ್ಲದಿದ್ದರೆ ದೋಸೆ ಕಾವಲಿಯ ಪರೀಕ್ಷೆಯೇ ಸಾಕು. ತಲೆಯ ಮೇಲೆ ಒಂದು ಹನಿ ನೀರು ಬಿಡಿ. ಮೂರು ನಾಲ್ಕು ಸೆಕೆಂಡು ಕುದ್ದು ಆವಿಯಾದರೆ ಸರಿ. ಬಿದ್ದೊಡನೆ ಚುಂಯ್ ಎಂದು ಹಾರಿಹೋದರೆ ತಕ್ಷಣ ನಿಲ್ಲಿಸಿ. ಒಂದು ಹನಿ ಎಂದೆ, ಚೊಂಬು ನೀರು ಸುರಿಯಬೇಡಿ. ಕಾದ ಲೋಹ ಒಮ್ಮೆಗೆ ಕುಗ್ಗಿ ಕೆಡಬಹುದು.

ಅಮ್ಮಂದಿರು ಇದನ್ನು ಮಾತ್ರ ಗಮನವಿಟ್ಟು ಓದಬೇಕು. ಆ ಬಾಟಲಿಯಲ್ಲಿರುವ ಮಿಥನಾಲ್ ವಿಷ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿಯಿಂದ 300ಕ್ಕೂ ಹೆಚ್ಚು ಮಂದಿ ಸತ್ತದ್ದು ಇದರಿಂದಲೇ. ಮಗುವೊಂದು ಒಂದೆರಡು ಚಮಚ ಕುಡಿದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಈ ಇಂಧನಕ್ಕೆ ಹೆಚ್ಚಾಗಿ ಶರಬತ್ತಿನಂಥ ಬಣ್ಣ ಬೆರೆಸಿರುತ್ತಾರೆ. ಅದನ್ನು ಎಂದಿಗೂ ನೀರಿನ ಬಾಟಲಿಗೆ ಹಾಕಿಡಬೇಡಿ. ಅಡುಗೆಮನೆಯಿಂದ ದೂರ, ಬೀಗ ಹಾಕಿದ ಕಪಾಟಿನಲ್ಲಿರಲಿ. ಅದರ ಬೆಂಕಿ ಹಗಲಿನ ಬೆಳಕಿನಲ್ಲಿ ಕಣ್ಣಿಗೆ ಕಾಣಿಸುವುದೇ ಕಷ್ಟ, ಹಾಗಾಗಿ ಬಿಸಿ ಎಂಜಿನ್‌ನ ಹತ್ತಿರ ಸುರಿಯಬಾರದು. ವಿಮಾನದಲ್ಲಿ ಪ್ರಯಾಣಿಕರು ಇದನ್ನು ತರುವಂತೆಯೇ ಇಲ್ಲ. ಮಾಮನಿಗೂ ಹೇಳಿಬಿಡಿ, ಕಾರಿನ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಒಣಗಿಸಿಯೇ ತರಲಿ.

ಯಾರಾದರೂ ಕುಡಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮಗು ಆಡಿಕೊಂಡಿದೆ, ಏನೂ ಆಗಿಲ್ಲ ಎಂದು ಕಾಯಬೇಡಿ. ಇದರ ವಿಷ ಏರುವುದು ಹಲವು ಗಂಟೆಗಳ ನಂತರ. ಬಾಟಲಿಯನ್ನೂ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ.