ಕೇಳುವ ಯಂತ್ರವೂ ಕೇಳುವ ಕಿವಿಯೂ

ಶ್ರವಣ, ಮನನ, ನಿದಿಧ್ಯಾಸನ ಎಂದು ಜ್ಞಾನಾರ್ಜನೆಯ ಮೂರು ಮೆಟ್ಟಿಲುಗಳನ್ನು ನಮ್ಮ ಹಿರಿಯರು ಹೇಳಿದ್ದಾರೆ. ಅವುಗಳಲ್ಲಿ ಮೊದಲನೆಯದು ಶ್ರವಣ. ಪುಸ್ತಕವು ದುರ್ಲಭವಾಗಿದ್ದ ಕಾಲದಲ್ಲಿ ಕಿವಿಯೇ ವಿದ್ಯೆಯ ಹೆಬ್ಬಾಗಿಲಾಗಿತ್ತು. ಪುಸ್ತಕವು ಸುಲಭವಾದ ಈ ಕಾಲದಲ್ಲಿಯೂ ಆ ಬಾಗಿಲು ಮುಚ್ಚಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಲ್ಪಟ್ಟಾಗ ಪಾಠಗಳೆಲ್ಲ ಫೋನು, ಕಂಪ್ಯೂಟರುಗಳ ಮೂಲಕವೇ ವಿದ್ಯಾರ್ಥಿಗಳನ್ನು ಮುಟ್ಟಬೇಕಾಯಿತು. ಅಂದಿನಿಂದ ಹೆಡ್‌ಫೋನು ಕಂಪಾಸು ಪೆಟ್ಟಿಗೆಯಂತೆ ವಿದ್ಯಾರ್ಥಿಯ ಸಲಕರಣೆಗಳಲ್ಲಿ ಒಂದಾಗಿದೆ. ಈಗ ಅದರ ಬೆನ್ನಿಗೇ ಇನ್ನೊಂದು ವಸ್ತು ಬಂದಿದೆ. ಅದು ಅಂಗೈಯಲ್ಲಿ ಅಡಗುವ, ಕಿಸೆಯಲ್ಲಿ ಒಯ್ಯಬಹುದಾದ ಹೆಡ್‌ಫೋನ್ ಆಂಪ್ಲಿಫೈಯರು. “ಸರ್, ಇದನ್ನು ಕೊಂಡರೆ ಕಂಪ್ಯೂಟರಿನ ಧ್ವನಿ ಸುಧಾರಿಸುತ್ತದೆಯೆ?” ಎಂದು ಮೇಲಿನ ತರಗತಿಯ ವಿದ್ಯಾರ್ಥಿಗಳು ಕೇಳುವುದುಂಟು.

ಈ ಪ್ರಶ್ನೆಗೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರವು ಕೆಲವರಿಗೆ ಅವಶ್ಯಕ, ಬಹುಜನರಿಗೆ ಅನಾವಶ್ಯಕ, ಗಟ್ಟಿಯಾಗಿ ಕೇಳಬೇಕೆಂಬ ಒಂದೇ ಆಸೆಯಿಂದ ಕೊಳ್ಳುವವರಿಗೆ ಅಪಾಯಕರ. ಹೀಗೆನ್ನಲು ಕಾರಣಗಳನ್ನು ವಿಚಾರಿಸೋಣ.

ಕಂಪ್ಯೂಟರಿನೊಳಗೆ ಧ್ವನಿಯು ಧ್ವನಿಯಾಗಿ ಇರುವುದಿಲ್ಲ; ಅಂಕೆಗಳಾಗಿ ಇರುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಒಂದು ಸೆಕೆಂಡಿನ ನಾದವನ್ನು 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದೆಂದು ಬರೆದಿಡುವ ಕ್ರಮ ಏರ್ಪಟ್ಟಿತು. ಈ ಅಂಕೆಗಳನ್ನು ಮರಳಿ ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವ ಭಾಗವೊಂದು. ಆ ದುರ್ಬಲವಾದ ಅಲೆಗೆ ಹೆಡ್‌ಫೋನನ್ನು ನಡೆಸುವಷ್ಟು ಬಲವನ್ನು ಕೊಡುವ ಭಾಗ ಇನ್ನೊಂದು. ಎರಡನೆಯದೇ ಆಂಪ್ಲಿಫೈಯರು. ಇವೆರಡೂ ಪ್ರತಿಯೊಂದು ಕಂಪ್ಯೂಟರಿನಲ್ಲಿ ಮೊದಲೇ ಇವೆ. ಆದರೆ ಅವು ನೂರಾರು ಇತರ ವಿದ್ಯುತ್ ಮಂಡಲಗಳ ನಡುವೆ, ಸಂತೆಯಲ್ಲಿ ಕುಳಿತು ಹಾಡುವವನಂತೆ ಕೆಲಸ ಮಾಡಬೇಕಾಗುತ್ತದೆ. ಆದುದರಿಂದ ಕೆಲವು ಕಂಪ್ಯೂಟರುಗಳಲ್ಲಿ ‘ಸುಯ್’ ಎಂಬ ಸದ್ದೂ, ಮೌಸನ್ನು ಸರಿಸಿದಾಗ ಚಿಟಿಚಿಟಿ ಸದ್ದೂ ಕೇಳಿಬರುತ್ತದೆ. ಹೊರಗಿನ ಯಂತ್ರವು ಯು.ಎಸ್.ಬಿ. ತಂತಿಯ ಮೂಲಕ ಅಂಕೆಗಳನ್ನು ಮಾತ್ರ ಪಡೆದು, ಈ ಸಂತೆಯಿಂದ ಹೊರಗೆ ಬಂದು ಅವುಗಳನ್ನು ನಾದವಾಗಿಸುತ್ತದೆ. ಅದರ ಮುಖ್ಯ ಪ್ರಯೋಜನವು ಅಬ್ಬರವಲ್ಲ, ನಿಶ್ಶಬ್ದ.

ಹಾಗಾದರೆ ಇದು ಯಾರಿಗೆ ಬೇಕು? ಪರೀಕ್ಷೆ ಸುಲಭವಾಗಿದೆ. ಏನನ್ನೂ ನುಡಿಸದೆ, ಕಂಪ್ಯೂಟರಿಗೆ ಹೆಡ್‌ಫೋನನ್ನು ಜೋಡಿಸಿ, ಮನೆಯು ಶಾಂತವಾಗಿರುವಾಗ ಆಲಿಸಿರಿ. ಸುಯ್ದಾಟವಿಲ್ಲದಿದ್ದರೆ, ಮತ್ತು ಪಾಠವು ಧ್ವನಿಯ ಅಳತೆಯ ಅರ್ಧಭಾಗದಲ್ಲಿಯೇ ಸ್ಪಷ್ಟವಾಗಿ ಕೇಳಿಸಿದರೆ, ನಿಮಗೆ ಹೊಸ ಯಂತ್ರದ ಅಗತ್ಯವಿಲ್ಲ. ಪ್ರತಿಯೊಂದು ಹೆಡ್‌ಫೋನೂ ವಿದ್ಯುತ್ತಿಗೆ ಒಂದು ತಡೆಯನ್ನು ಒಡ್ಡುತ್ತದೆ. ಅದನ್ನು ಓಂಗಳಲ್ಲಿ ಅಳೆಯುತ್ತಾರೆ. ವಿದ್ಯಾರ್ಥಿಗಳು ಬಳಸುವ ಸಾಧಾರಣ ಹೆಡ್‌ಫೋನುಗಳಲ್ಲಿ ಅದು 16 ಅಥವಾ 32 ಓಂ. ಅವನ್ನು ನಡೆಸಲು ಕಂಪ್ಯೂಟರಿನ ಬಲವೇ ಸಾಕು. ಧ್ವನಿಮುದ್ರಣ ಶಾಲೆಗಳಿಗಾಗಿ ಮಾಡಿದ 250 ಅಥವಾ 300 ಓಂಗಳ ಹೆಡ್‌ಫೋನು ದೊರೆತವರಿಗೆ ಮಾತ್ರ ಹೊರಗಿನ ಬಲವು ಬೇಕಾದೀತು.

ಬೇಕೆಂದು ನಿಶ್ಚಯವಾದವರು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಕಡೆಗೆ ಹೊರಡುವುದು ವಾಡಿಕೆ. ಹೋಗುವಾಗ ನಿಮ್ಮ ಹೆಡ್‌ಫೋನನ್ನೂ, ನಿಮಗೆ ಚೆನ್ನಾಗಿ ಪರಿಚಯವಿರುವ ಒಂದು ಹಾಡನ್ನೂ ಒಂದು ಭಾಷಣವನ್ನೂ ಒಯ್ಯಿರಿ. ಎರಡು ಯಂತ್ರಗಳನ್ನು ಹೋಲಿಸುವಾಗ ಎರಡರ ಧ್ವನಿಯನ್ನೂ ಒಂದೇ ಮಟ್ಟದಲ್ಲಿ ಇರಿಸಿರಿ. ಏಕೆಂದರೆ ತುಸು ಗಟ್ಟಿಯಾಗಿ ಕೇಳುವುದೆಲ್ಲ ತುಸು ಚೆನ್ನಾಗಿದೆಯೆಂದು ತೋರುವುದು ಮನುಷ್ಯನ ಕಿವಿಯ ಸ್ವಭಾವ. ಮಾರುವವನು ಇದನ್ನು ಬಲ್ಲನು. ಯಂತ್ರದ ಹೊರಹರಿವಿನ ತಡೆಯು ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆಯಿರಲಿ, ಎಂದರೆ 32 ಓಂಗಳ ಹೆಡ್‌ಫೋನಿಗೆ 4 ಓಂಗಳಿಗಿಂತ ಕಡಿಮೆ. ದೊಡ್ಡ ದೊಡ್ಡ ಅಂಕೆಗಳಿಗೆ ಮರುಳಾಗಬೇಡಿರಿ. ಮನುಷ್ಯನ ಕಿವಿಗೆ ಕೇಳಿಸುವುದು ಹೆಚ್ಚೆಂದರೆ ಸುಮಾರು 20,000 ಹರ್ಟ್ಸ್. ಅದರ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು ಸಲ ಅಳೆದರೆ ಸಾಕೆಂದೇ 44,100 ಎಂಬ ಸಂಖ್ಯೆಯನ್ನು ಆರಿಸಿದರು. 3,84,000 ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅದರಿಂದ ಬೆಲೆ ಹೆಚ್ಚೀತೇ ಹೊರತು ಶ್ರವಣ ಹೆಚ್ಚದು. ಕೈಯಲ್ಲಿರುವ ಹಣ ಅಲ್ಪವಾಗಿದ್ದರೆ ಅದನ್ನು ಒಳ್ಳೆಯ ಹೆಡ್‌ಫೋನಿಗೇ ಮೊದಲು ವಿನಿಯೋಗಿಸಿರಿ. ಧ್ವನಿಯಲ್ಲಿ ಹೆಚ್ಚಿನ ವ್ಯತ್ಯಾಸವು ಬರುವುದು ಅಲ್ಲಿಂದಲೇ. ರಸೀತಿಯನ್ನು ಪಡೆಯದೆ ಅಂಗಡಿಯ ಮೆಟ್ಟಿಲಿಳಿಯಬಾರದು.

ಯಾವ ಯಂತ್ರವೂ ಮಾಡಲಾರದ ಕೆಲಸವೊಂದಿದೆ. ಮೂಲದಲ್ಲಿ ಇಲ್ಲದ ನಾದವನ್ನು ಅದು ತಂದುಕೊಡಲಾರದು. ಗಂಗೂಬಾಯಿ ಹಾನಗಲ್ಲರ (1913–2009) ಆರಂಭದ ಹಾಡುಗಳು ಮೂರು ನಾಲ್ಕು ನಿಮಿಷಗಳಲ್ಲಿ ಮುಗಿಯುವ 78 ಸುತ್ತುಗಳ ತಟ್ಟೆಗಳಲ್ಲಿ ಅಚ್ಚಾದವು. ಆ ತಟ್ಟೆಯ ಕರಕರ ಸದ್ದನ್ನು ಆಂಪ್ಲಿಫೈಯರು ಹಾಡಿನೊಡನೆಯೇ ಹಿಗ್ಗಿಸುತ್ತದೆ. ಆದರೆ ಇದರಿಂದ ಯಾರೂ ನಿರಾಶರಾಗಬೇಕಾಗಿಲ್ಲ. ಗದಗಿನ ಬಾಲಕ ಭೀಮಸೇನ ಜೋಶಿಯವರು (1922–2011) ಅಬ್ದುಲ್ ಕರೀಂ ಖಾನರ ಗ್ರಾಮಫೋನು ತಟ್ಟೆಯನ್ನು ಕೇಳಿ, ಹಾಗೆಯೇ ಹಾಡಬೇಕೆಂಬ ಹಂಬಲದಿಂದ ಗುರುವನ್ನು ಅರಸುತ್ತ ಮನೆ ಬಿಟ್ಟು ಹೊರಟ ಸಂಗತಿ ಪ್ರಸಿದ್ಧವಾಗಿದೆ. ಅಂದಿನ ಆ ತಟ್ಟೆಯ ಧ್ವನಿಯು ಇಂದಿನ ಅಗ್ಗದ ಫೋನಿನ ಧ್ವನಿಗೂ ಸಮನಲ್ಲ. ಕೇಳಿದ್ದು ಯಂತ್ರವಲ್ಲ, ಏಕಾಗ್ರವಾದ ಕಿವಿ.

ಆ ಕಿವಿಯ ವಿಷಯವಾಗಿಯೇ ನನ್ನ ಮುಖ್ಯವಾದ ಮಾತು. ವಡಾಲದಂತಹ ಸ್ಥಳದಲ್ಲಿ ಶಾಂತಿಯು ದುರ್ಲಭ. ಹಾರ್ಬರ್ ಮಾರ್ಗದ ರೈಲು, ಲಾರಿಗಳ ಸಾಲು, ಹಬ್ಬಹುಣ್ಣಿಮೆಗಳ ಧ್ವನಿವರ್ಧಕ, ಪಕ್ಕದ ಕೋಣೆಯ ಟೆಲಿವಿಷನ್ ಇವೆಲ್ಲವುಗಳ ನಡುವೆ ನಮ್ಮ ವಿದ್ಯಾರ್ಥಿ ಓದಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿಯಲ್ಲಿ 45 ಡೆಸಿಬೆಲ್ ಎಂಬ ಮಿತಿಯನ್ನು ವಿಧಿಸಿವೆ. ಈ ಮಿತಿ ಎಷ್ಟರ ಮಟ್ಟಿಗೆ ಪಾಲನೆಯಾಗುತ್ತಿದೆಯೆಂಬುದನ್ನು ಕಿಟಕಿ ತೆರೆದ ಯಾರಾದರೂ ಹೇಳಬಲ್ಲರು. ಹೊರಗಿನ ಗದ್ದಲವನ್ನು ಗೆಲ್ಲಲು ಹುಡುಗನು ಒಳಗಿನ ಧ್ವನಿಯನ್ನು ಏರಿಸುತ್ತಾನೆ. ಏರಿಸುವ ಶಕ್ತಿ ಸಾಲದಾದಾಗ ಆಂಪ್ಲಿಫೈಯರನ್ನು ಬಯಸುತ್ತಾನೆ. ಅಪಾಯವಿರುವುದು ಇಲ್ಲಿಯೇ.

ಮಕ್ಕಳಿಗೆ ವಾರದಲ್ಲಿ 40 ಗಂಟೆಗಳಂತೆ 75 ಡೆಸಿಬೆಲ್ಲಿನ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದೆ. ಪ್ರತಿ 3 ಡೆಸಿಬೆಲ್ ಏರಿದಂತೆ ನಾದದ ಶಕ್ತಿಯು ಇಮ್ಮಡಿಯಾಗುತ್ತದೆ. ಕೇಳಬಹುದಾದ ಕಾಲವು ಅರ್ಧವಾಗುತ್ತದೆ. 78ಕ್ಕೆ 20 ಗಂಟೆ, 81ಕ್ಕೆ 10 ಗಂಟೆ, 84ಕ್ಕೆ 5 ಗಂಟೆ, 87ಕ್ಕೆ ವಾರವಿಡೀ ಎರಡೂವರೆ ಗಂಟೆ ಮಾತ್ರ. ಒಳಗಿವಿಯಲ್ಲಿರುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಗದ್ದಲದಿಂದ ಕೆಡುವ ಕಿವಿಯು ಸಾಮಾನ್ಯವಾಗಿ ಮೊದಲು ಕೆಡುವುದು 4,000 ಹರ್ಟ್ಸಿನ ಆಸುಪಾಸಿನಲ್ಲಿ. ಸಕಾರ, ಶಕಾರ, ಷಕಾರಗಳ ಸೂಕ್ಷ್ಮ ಭೇದವನ್ನು ತಿಳಿಸುವ ನಾದವು ಬಹುಮಟ್ಟಿಗೆ ಇರುವುದು ಆ ಎತ್ತರದ ಪ್ರದೇಶದಲ್ಲಿಯೇ. ಎಂದರೆ ಗುಡುಗು ಕೇಳಿಸುತ್ತಲೇ ಇರುತ್ತದೆ. ಮಾತಿನ ಮೊನಚು ಮಾತ್ರ ಸದ್ದಿಲ್ಲದೆ ಮಾಯವಾಗುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷು ಹೀಗೆ ನಾಲ್ಕು ನುಡಿಗಳ ಉಚ್ಚಾರವನ್ನು ವಿಂಗಡಿಸಿಕೊಳ್ಳಬೇಕಾದ ನಮ್ಮ ಮಕ್ಕಳಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ಆದುದರಿಂದ ಗದ್ದಲಕ್ಕೆ ಮದ್ದು ಹೆಚ್ಚಿನ ಬಲವಲ್ಲ, ಒಳ್ಳೆಯ ತಡೆಗೋಡೆ. ಕಿವಿಯನ್ನು ಸುತ್ತಲೂ ಮುಚ್ಚುವ ಹೆಡ್‌ಫೋನು ಹೊರಗಿನ ಸದ್ದನ್ನು ತಡೆದು, ಒಳಗಿನ ಸದ್ದನ್ನು ಇಳಿಸಲು ನೆರವಾಗುತ್ತದೆ. ಆದರೆ ರಸ್ತೆಯಲ್ಲಿ, ರೈಲುಹಳಿಯ ಬಳಿಯಲ್ಲಿ ಅದು ಕಿವಿಯ ಮೇಲೆ ಸರ್ವಥಾ ಇರಕೂಡದು.

ಇಂತಹ ವಸ್ತುಗಳೆಲ್ಲ ವಿದ್ಯಾರ್ಥಿಗೆ ಸಲ್ಲದ ವಿಲಾಸವೆಂದು ಹೇಳುವ ಹಿರಿಯರೂ ಇದ್ದಾರೆ. ನಾನು ಅಷ್ಟು ಕಠಿಣವಾಗಿ ಹೇಳಲಾರೆ. ಸಂಗೀತವನ್ನು ಕಲಿಯುವವನಿಗೆ, ನಾಟಕದ ಧ್ವನಿಮುದ್ರಣವನ್ನು ತಿದ್ದುವವಳಿಗೆ, ಅಜ್ಜಿಯ ಜನಪದ ಗೀತೆಯನ್ನು ಕಂಪ್ಯೂಟರಿನಲ್ಲಿ ಸಂಗ್ರಹಿಸುವವನಿಗೆ ಅದು ಬಡಗಿಯ ಉಳಿಯಂತೆ ನಿಜವಾದ ಸಲಕರಣೆ. ಆದರೆ ಪ್ರತಿ ಮನೆಗೂ ಒಂದು ಬೇಕಿಲ್ಲ. ಶಾಲೆಯ ವಾಚನಾಲಯದಲ್ಲಿ ಕಂಪ್ಯೂಟರಿನ ಪಕ್ಕದಲ್ಲಿ ಇಂತಹದೊಂದು ಯಂತ್ರ, ಒಂದು ಉತ್ತಮ ಹೆಡ್‌ಫೋನು ಇದ್ದರೆ, ಸರದಿಯಂತೆ ನೂರು ಮಕ್ಕಳು ಮಲ್ಲಿಕಾರ್ಜುನ ಮನಸೂರರ ಗಾಯನವನ್ನೂ ಕನ್ನಡದ ಶುದ್ಧ ವಾಚನವನ್ನೂ ಕೇಳಬಹುದು. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಬಯಸಿದರೆ ಇದನ್ನೂ ಆಲೋಚಿಸಲಿ.

ವಿದ್ಯಾರ್ಥಿಮಿತ್ರರೇ, ಯಂತ್ರವು ಹಳೆಯದಾದರೆ ಹೊಸದನ್ನು ಕೊಳ್ಳಬಹುದು. ಕಿವಿಯನ್ನು ಮಾರುವ ಅಂಗಡಿ ಲ್ಯಾಮಿಂಗ್ಟನ್ ರಸ್ತೆಯಲ್ಲಿಯೂ ಇಲ್ಲ. ಕೊಳ್ಳುವ ಮೊದಲು ಆಲಿಸಿರಿ. ಕೊಂಡ ಮೇಲೆ ಮೆಲ್ಲಗೆ ಕೇಳಿರಿ.