ಹಳೆಯ ಕಲ್ಲು, ಹೊಸ ನಾರು

ಮನೆ ಕಟ್ಟುವುದು ಹೇಗೋ ಹಾಗೆಯೇ ಕಟ್ಟಿದ್ದನ್ನು ಕೆಡವುವುದೂ ಮನುಷ್ಯನ ಪಾಲಿಗೆ ಬಂದ ಕೆಲಸ. ಆದರೆ ಕೆಡವಿದ್ದನ್ನು ಏನು ಮಾಡಬೇಕೆಂದು ನಾವು ಯೋಚಿಸುವುದು ಅಪರೂಪ. ನರೋಣಾ ಮತ್ತು ಅದರ ಸುತ್ತಣ ಆಳಂದ ಸೀಮೆಯಲ್ಲಿ ಕರಿಕಲ್ಲು, ಮಣ್ಣುಗಳಿಂದ ಕಟ್ಟಿದ ಹಳೆಯ ಮಾಳಿಗೆಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಅವುಗಳ ಜಾಗದಲ್ಲಿ ಸಿಮೆಂಟಿನ ಮನೆಗಳು ಏಳುತ್ತಿವೆ.

ಇದಕ್ಕೆ ಕಾರಣವಿಲ್ಲದೆ ಇಲ್ಲ. 1993ರ ಸೆಪ್ಟೆಂಬರ್ 30ರಂದು ನಸುಕಿನ 3 ಗಂಟೆ 56 ನಿಮಿಷಕ್ಕೆ, ನಮ್ಮ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಬರಿಯ ಮಣ್ಣಿನಲ್ಲಿ ದಪ್ಪನಾಗಿ ಪೇರಿಸಿದ್ದ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಸಾವಿರಾರು ಜನ ಮಡಿದರು. ಅಂತಹ ಗೋಡೆಯ ಬಗೆಗೆ ಭಯ ಹುಟ್ಟಿದ್ದರೆ ಅದು ನ್ಯಾಯವಾದದ್ದೇ. ಆದರೆ ತಪ್ಪು ಕಲ್ಲಿನದಾಗಿರಲಿಲ್ಲ. ಕಲ್ಲನ್ನು ಕಲ್ಲಿಗೆ ಬಿಗಿದು ಹಿಡಿಯುವ ಬಂಧ ಅಲ್ಲಿ ಇರಲಿಲ್ಲ. ನಾವಾದರೋ ಕಲ್ಲನ್ನೇ ಅಪರಾಧಿಯೆಂದು ಬಗೆದು ಹಳ್ಳದ ದಂಡೆಗೆ, ಕೆರೆಯಂಗಳಕ್ಕೆ ಸುರಿಯುತ್ತೇವೆ. ಬಳಿಕ ಅದೇ ಜಾತಿಯ ಕಲ್ಲಿನ ಜಲ್ಲಿಗಾಗಿ ಗುಡ್ಡಗಳನ್ನು ಸಿಡಿಸುತ್ತೇವೆ! ಕೊಳವೆ ಹೂಳಲೆಂದು ಅಗೆದ ಕಾಂಕ್ರೀಟು ರಸ್ತೆಯ ತುಂಡುಗಳ ಗತಿಯೂ ಇದೇ.

ಹಾಳನ್ನು ಮತ್ತೆ ಕಟ್ಟಡವಾಗಿಸುವುದು ಹೊಸ ಕನಸೇನಲ್ಲ. ಎರಡನೆಯ ಮಹಾಯುದ್ಧದ ತರುವಾಯ ಜರ್ಮನಿಯ ಜನರು ಬಿದ್ದ ನಗರಗಳ ಇಟ್ಟಿಗೆಯನ್ನು ಪುಡಿಮಾಡಿ ಹೊಸ ಕಾಂಕ್ರೀಟಿಗೆ ಬಳಸಿದರು. ನಮ್ಮ ದೇಶದ ಮಾನಕವೂ 2016ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅದರಂತೆ ಒಡೆದ ಕಾಂಕ್ರೀಟಿನ ಜಲ್ಲಿಯನ್ನು ಕಬ್ಬಿಣವಿಲ್ಲದ ಕಾಂಕ್ರೀಟಿನಲ್ಲಿ ನೂರಕ್ಕೆ 25ರಷ್ಟು, ಸಾಧಾರಣ ದರ್ಜೆಯ ಕಬ್ಬಿಣದ ಕಾಂಕ್ರೀಟಿನಲ್ಲಿ ನೂರಕ್ಕೆ 20ರಷ್ಟು, ಅಡಿಪಾಯದ ಕೆಳಗೆ ಹಾಸುವ ತೆಳುಮಿಶ್ರಣದಲ್ಲಿ ಪೂರ್ತಿಯಾಗಿಯೂ ಬಳಸಬಹುದು. ಇನ್ನು ಹಳೆಯ ಗೋಡೆಯ ಕರಿಕಲ್ಲಂತೂ ಮೆತ್ತಿದ ಮಣ್ಣನ್ನು ತೊಳೆದು ಒಡೆದರೆ ಗಣಿಯ ಜಲ್ಲಿಗೆ ಸಾಟಿಯಾದೀತು.

ಕಾಂಕ್ರೀಟಿನ ಹಳೆಯ ತುಂಡಿಗೆ ಒಂದು ದೋಷವುಂಟು. ಅದಕ್ಕೆ ಅಂಟಿಕೊಂಡ ಗಾರೆ ನೀರನ್ನು ಹೀರುತ್ತದೆ; ಅದರಿಂದ ಕಟ್ಟಿದ್ದು ಒಣಗುವಾಗ ಹೆಚ್ಚು ಕುಗ್ಗುತ್ತದೆ. ನಮ್ಮ ಬೇಸಿಗೆಯ ಬಿಸಿಗಾಳಿಗೆ ಹೊಸ ಕಾಂಕ್ರೀಟಿನ ಮೈ ಕೆಲವೇ ಗಂಟೆಗಳಲ್ಲಿ ಬಿರಿಯುವುದನ್ನು ಯಾರು ಕಂಡಿಲ್ಲ? ಇಲ್ಲಿ ಕೃತಕ ನಾರು ನೆರವಿಗೆ ಬರುತ್ತದೆ. ಪಾಲಿಪ್ರೊಪಿಲೀನ್ ಎಂಬ ವಸ್ತುವಿನ ಕೂದಲಿನಂತಹ ಎಳೆಗಳನ್ನು ಒಂದು ಘನಮೀಟರಿಗೆ ಸುಮಾರು 900 ಗ್ರಾಮಿನಂತೆ ಬೆರೆಸುವುದು ವಾಡಿಕೆ. ಲಕ್ಷಾಂತರ ಎಳೆಗಳು ಮಿಶ್ರಣದಲ್ಲೆಲ್ಲ ಹರಡಿ, ಬಿರುಕು ಹುಟ್ಟಿದೆಡೆಯಲ್ಲೇ ಅದನ್ನು ತಡೆದು ಹಿಡಿಯುತ್ತವೆ. ಮಾಳಿಗೆಯ ಮಣ್ಣಿಗೆ ಹೊಟ್ಟು, ಹುಲ್ಲು ಬೆರೆಸಿ ತುಳಿಯುತ್ತಿದ್ದ ನಮ್ಮ ಹಿರಿಯರು ಈ ಮರ್ಮವನ್ನು ಬಲ್ಲವರಾಗಿದ್ದರು. ಅವರ ಹುಲ್ಲು ಸಿಮೆಂಟಿನ ಕ್ಷಾರದಲ್ಲಿ ಬಾಳದು. ಈ ನಾರು ಬಾಳುತ್ತದೆ.

ಹಾಗೆಂದು ನಾರನ್ನು ಸಂಜೀವಿನಿಯೆಂದು ಕೊಂಡಾಡುವುದು ಬೇಡ. ಅಷ್ಟು ಸಣ್ಣ ಎಳೆ ಕಂಬ ತೊಲೆಗಳ ಕಬ್ಬಿಣಕ್ಕೆ ಬದಲಾಗಲಾರದು. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ನಮ್ಮ ಎರೆಭೂಮಿಯ ಚಲನೆಯನ್ನು ತಡೆಯುವುದೂ ಅದರಿಂದಾಗದು. ಅದಕ್ಕೆ ತಳಪಾಯವೇ ಗಟ್ಟಿಯಾಗಬೇಕು. ಸವೆದ ರಸ್ತೆಯಿಂದ ಪ್ಲಾಸ್ಟಿಕ್ಕಿನ ಎಳೆ ಮೇಲೆದ್ದು ಹೊಲ ಸೇರಬಾರದೆಂಬ ಎಚ್ಚರವೂ ಬೇಕು. ಆದ್ದರಿಂದಲೇ ಬಡವನ ಮನೆಯ ಸೂರಿನ ಮೇಲೆ ಮೊದಲ ಪ್ರಯೋಗ ನಡೆಯಬಾರದೆಂಬುದು ನನ್ನ ಅಭಿಪ್ರಾಯ. ಚರಂಡಿಯ ತಳ, ಶಾಲೆಯ ಅಂಗಳ, ಕಾಲುದಾರಿ—ಇಂತಹ ಪಂಚಾಯಿತಿಯ ಕೆಲಸಗಳಿಂದಲೇ ಅದು ಆರಂಭವಾಗಲಿ. ಏನಾದರೂ ಕೆಟ್ಟರೆ ಜೀವಹಾನಿಯಿಲ್ಲ.

ತಾಲ್ಲೂಕಿಗೊಂದು ಕಲ್ಲೊಡೆಯುವ ಯಂತ್ರವಿದ್ದು, ಹಾಳು ಸುರಿಯಲು ಊರಿಗೊಂದು ಗುರುತಿನ ಜಾಗವಿದ್ದರೆ ಕೆಲಸ ಹೂಡಬಹುದು. ಮಣ್ಣು, ಕಟ್ಟಿಗೆ, ಕಬ್ಬಿಣಗಳನ್ನು ಅಲ್ಲಿಯೇ ಬೇರ್ಪಡಿಸಬೇಕು. ಗಾರೆ ಮೆತ್ತಿದ ಜಲ್ಲಿಯನ್ನು ಹಿಂದಿನ ದಿನವೇ ನೆನೆಸಿಡಬೇಕು. ಇಲ್ಲವಾದರೆ ಅದು ಸಿಮೆಂಟಿನ ಪಾಲಿನ ನೀರನ್ನು ತಾನೇ ಕುಡಿದುಬಿಡುತ್ತದೆ. ಗೌಂಡಿಗೆ ಇದನ್ನು ತಿಳಿಸಿಕೊಡಲು ಅರ್ಧ ದಿನ ಸಾಕು.