ಕೂತಿದ್ದೆಲ್ಲ ಸಲ್ಲುವುದಿಲ್ಲ

ಹಳೆಯ ರಿವಾಲ್ವರ್ ಕಂಡಾಗ ಎರಡು ಮಾತು ತಪ್ಪದೆ ಬರುತ್ತವೆ. ‘ಆ ಕಾಲದ ಉಕ್ಕು ಸ್ವಾಮಿ, ಏನು ಹಾಕಿದರೂ ತಡೆಯುತ್ತೆ’ ಎನ್ನುವವರು ಕೆಲವರು. ‘ಅಷ್ಟು ಹಳೇದನ್ನ ಮುಟ್ಟಲೇಬೇಡಿ, ಕೈಯಲ್ಲೇ ಸಿಡಿಯುತ್ತೆ’ ಎನ್ನುವವರು ಇನ್ನು ಕೆಲವರು. ಇಬ್ಬರ ಮೇಲೂ ಗೌರವವಿಟ್ಟುಕೊಂಡೇ ಹೇಳುತ್ತೇನೆ: ಇಬ್ಬರೂ ಆಯುಧದ ವಯಸ್ಸು ಕೇಳುತ್ತಿದ್ದಾರೆ, ಕೇಳಬೇಕಾದ್ದು ತೋಟಾದ ಒತ್ತಡವನ್ನು.

ಬ್ರಿಟನ್ನಿನ ವೆಬ್ಲಿ ಮಾರ್ಕ್ 6 ತೆಗೆದುಕೊಳ್ಳಿ. 1915ರಲ್ಲಿ ಸೇನೆಗೆ ಸೇರಿದ, .455 ತೋಟಾದ, ನಡು ಮಡಚಿ ತೆರೆಯುವ ರಿವಾಲ್ವರ್. ಎರಡನೇ ಮಹಾಯುದ್ಧದ ನಂತರ ಸೇನೆಗೆ ಬೇಡವಾದ ಇಂಥವು ಅಮೆರಿಕದ ಮಾರುಕಟ್ಟೆಗೆ ಬಂದವು. ಅಲ್ಲಿ .455 ಸಿಗುವುದು ಕಷ್ಟ, .45 ಎಸಿಪಿ ಎಂಬ ಪಿಸ್ತೂಲು ತೋಟಾ ಬೇಕಾದಷ್ಟು. ಸರಿ, ಸಿಲಿಂಡರಿನ ಹಿಂಬದಿಯನ್ನು ಒಂದಿಷ್ಟು ತುರಿದರು. ಎಸಿಪಿ ತೋಟಾಕ್ಕೆ ಹೊರಚಾಚಿದ ಅಂಚಿಲ್ಲ. ಅರ್ಧಚಂದ್ರಾಕಾರದ ತೆಳು ಉಕ್ಕಿನ ಕ್ಲಿಪ್ಪಿಗೆ ಮೂರು ಮೂರು ಸಿಕ್ಕಿಸಿ ಇಳಿಸಿದರೆ ತುರಿದ ಜಾಗದಲ್ಲಿ ಕ್ಲಿಪ್ಪು ಕೂರುತ್ತದೆ, ಮೇಲಿನ ಕೊಂಡಿ ಟಕ್ಕೆಂದು ಬೀಳುತ್ತದೆ. ಹೇಳಿ ಮಾಡಿಸಿದ ಹಾಗೆ! ಆದರೆ .455ರ ಒತ್ತಡ ಚದರಂಗುಲಕ್ಕೆ ಸುಮಾರು 13,000 ಪೌಂಡ್. .45 ಎಸಿಪಿಯ ಮಿತಿ 21,000.

‘ವರ್ಷಗಟ್ಟಲೆ ಹಾರಿಸಿದ್ದೇವೆ, ಏನೂ ಆಗಿಲ್ಲವಲ್ಲ?’ ಎಂಬ ಪ್ರಶ್ನೆ ಬರುತ್ತದೆ. ಹಾರಿಸಿದ್ದು ನಿಜ, ಬಹಳಷ್ಟು ವೆಬ್ಲಿಗಳು ಉಳಿದುಕೊಂಡಿರುವುದೂ ನಿಜ. ಆದರೆ ಸಿಲಿಂಡರ್ ಸೀಳಿದವರು ಅದನ್ನು ಹಿಡಿದುಕೊಂಡು ಬಂದು ವಾದಕ್ಕೆ ಕೂರುವುದಿಲ್ಲ. ಉಳಿದವರ ಸಾಕ್ಷಿ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ಕಾರ್ಖಾನೆಯಲ್ಲಿ ಹೆಚ್ಚಿನ ಒತ್ತಡದ ತೋಟಾ ಹಾರಿಸಿ ಮುದ್ರೆ ಒತ್ತುತ್ತಾರೆ, ಹೌದು. ಅದು ಒಂದೆರಡು ಗುಂಡಿನ ಪರೀಕ್ಷೆ, ನಿತ್ಯದ ಊಟವಲ್ಲ. ಮಿತಿ ಮೀರಿದ ಪ್ರತಿ ಹೊಡೆತಕ್ಕೂ ಸಿಲಿಂಡರಿನಲ್ಲಿ ತೋಟಾ ಕೂರುವ ಕೋಣೆಯ ಹೊರಗೋಡೆ ಹಿಗ್ಗಬೇಕು, ಕೊಂಡಿ ಮತ್ತು ಕೀಲು ಜಗ್ಗಬೇಕು. ಉಕ್ಕು ಗಾಯ ಮಾಯಿಸಿಕೊಳ್ಳುವ ವಸ್ತುವಲ್ಲ.

ಹಾಗಾದರೆ ಹಳೆಯದೆಲ್ಲ ಅಪಾಯವೇ? ಅದನ್ನೂ ಒಪ್ಪಲಾರೆ. ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ ಪಿಸ್ತೂಲು ಸಾಲದೆ ಕೋಲ್ಟ್, ಸ್ಮಿತ್ ಅಂಡ್ ವೆಸನ್ ಎರಡೂ 1917ರ ಮಾದರಿಯ ರಿವಾಲ್ವರ್ ಮಾಡಿಕೊಟ್ಟವು. ಅದೇ ಎಸಿಪಿ ತೋಟಾ, ಅದೇ ಅರ್ಧಚಂದ್ರ ಕ್ಲಿಪ್ಪು. ವೆಬ್ಲಿಗಿಂತ ಎರಡೇ ವರ್ಷ ಚಿಕ್ಕವು. ಆದರೆ ಅವನ್ನು ಆ ಒತ್ತಡಕ್ಕೆಂದೇ ಕಟ್ಟಲಾಗಿತ್ತು.

ಕೂತದ್ದನ್ನೆಲ್ಲ ಜನ ಹಾರಿಸುತ್ತಾರೆಂದು ತಯಾರಕರಿಗೆ ಚೆನ್ನಾಗಿ ಗೊತ್ತು. 1935ರಲ್ಲಿ .357 ಮ್ಯಾಗ್ನಂ ಬಂದಾಗ ಅದರ ತೋಟಾದ ಕೋಶವನ್ನು .38 ಸ್ಪೆಷಲ್‌ಗಿಂತ ಸುಮಾರು 3 ಮಿಲಿಮೀಟರ್ ಉದ್ದ ಮಾಡಿದ್ದು ಅದಕ್ಕೇ, ಹಳೆಯ .38ರೊಳಗೆ ಅದು ಪೂರ್ತಿ ಇಳಿಯಬಾರದು. ಇಂಥ ಬೀಗ ಎಲ್ಲ ಕಡೆ ಇಲ್ಲ ಎಂಬುದೇ ತಲೆನೋವು. 1873ರ .45 ಕೋಲ್ಟ್ ತೋಟಾ ಕರಿಮದ್ದಿನ ಕಾಲದ್ದು, ಅದರ ಮಿತಿ 14,000. ಇಂದಿನ ಗಟ್ಟಿ ರಿವಾಲ್ವರುಗಳಿಗೆಂದು ಅದೇ ಅಳತೆಯ ಕೋಶದಲ್ಲಿ ಅದರ ಇಮ್ಮಡಿ ಒತ್ತಡದ ತೋಟಾಗಳೂ ಸಿಗುತ್ತವೆ. ಹಳೆಯ ಕೋಲ್ಟ್ ರಿವಾಲ್ವರ್ ಅವನ್ನು ಬೇಡವೆನ್ನದೆ ನುಂಗುತ್ತದೆ.

ನಮ್ಮಲ್ಲಿಯೂ ‘.32’ ಎಂದಷ್ಟೇ ಹೇಳುವ ಅಭ್ಯಾಸವಿದೆ. ರಿವಾಲ್ವರಿನ .32 ಲಾಂಗ್‌ನ ಮಿತಿ 15,000, ಪಿಸ್ತೂಲಿನ .32 ಎಸಿಪಿಯದು 20,500. ಎರಡನೆಯದಕ್ಕೆ ಕಿರಿದಾದ ಅಂಚೊಂದಿರುವುದರಿಂದ ಅನೇಕ .32 ರಿವಾಲ್ವರುಗಳಲ್ಲಿ ಅದೂ ತಣ್ಣಗೆ ಕೂರುತ್ತದೆ.

ಮನೆಯಲ್ಲಿ ಹಿರಿಯರು ಬಿಟ್ಟುಹೋದ ಪರವಾನಗಿಯ ರಿವಾಲ್ವರ್ ಇದ್ದರೆ, ಅದರ ಮೇಲಿನ ಗುರುತನ್ನೂ ತೋಟಾ ಡಬ್ಬಿಯ ಮೇಲಿನ ಪೂರ್ತಿ ಹೆಸರನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಸಿಲಿಂಡರಿನ ಹಿಂಬದಿ ತುರಿದಂತೆ ಕಂಡರೆ ಬಲ್ಲ ಬಂದೂಕು ರಿಪೇರಿಯವರಿಗೆ ತೋರಿಸುವ ತನಕ ಅದು ಖಾಲಿಯೇ ಇರಲಿ.